ಪೆನ್ಸಿಲ್ಲಿನಲ್ಲಿ ಬರೆದ ಅರ್ಜಿ: ಕ್ಲಾರೆನ್ಸ್ ಗಿಡಿಯನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಕ್ಕಳಿಗೆ ಉಪಯೋಗವಾಗುವಂತೆ ಯಾರಾದರೂ ಒಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಹಳೆಯ ವಿದ್ಯಾರ್ಥಿಯಾದ ನಾನು ಸಂತೋಷದಿಂದ ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ಮನಸ್ಸಿಗೆ ಬಂದ ಹೆಸರು ಮಹನೀಯರ ಸಾಲಿಗೆ ಸೇರುವಂಥದಲ್ಲ. ಆತ ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಕಳ್ಳತನ ಮಾಡಿ ಮತ್ತೆ ಮತ್ತೆ ಜೈಲು ಕಂಡವನು. ಜೂಜಾಡುತ್ತಿದ್ದವನು. ಆದರೂ ಅಮೆರಿಕದಲ್ಲಿ ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಆತನ ಹೆಸರು ಗೊತ್ತು. ಆತನೇ ಕ್ಲಾರೆನ್ಸ್ ಅರ್ಲ್ ಗಿಡಿಯನ್.

ಇವನನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಪ್ರೌಢಶಾಲೆಯಲ್ಲಿ ನಮಗೆ ಪತ್ರಲೇಖನ ಕಲಿಸುತ್ತಾರೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಕೊನೆಗೆ ವಂದನೆಗಳೊಂದಿಗೆ ಎಂದು ಸಹಿ. ಪರೀಕ್ಷೆಯಲ್ಲಿ ಅಂಕ ಖಚಿತ ಎಂದು ನಾವೆಲ್ಲ ಅದನ್ನು ಬಾಯಿಪಾಠ ಮಾಡುತ್ತಿದ್ದೆವು. ಅಂಥದೊಂದು ಅರ್ಜಿ ಒಂದು ದೇಶದ ಕಾನೂನನ್ನೇ ಬದಲಿಸಬಲ್ಲದು ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ. ವಕೀಲನಾಗಿ, ಉಚಿತ ಕಾನೂನು ನೆರವಿನ ಪ್ರಕರಣಗಳನ್ನು ನಡೆಸಲು ತೊಡಗಿದ ಮೇಲೆ ಗಿಡಿಯನ್‌ನ ಕಥೆ ಓದಿದೆ. ಅಂದಿನಿಂದ ಕಾನೂನು ಅರಿವು ಶಿಬಿರಗಳಲ್ಲಿ ಇದನ್ನು ಹೇಳುತ್ತ ಬಂದಿದ್ದೇನೆ.

ಗಿಡಿಯನ್ ಹುಟ್ಟಿದ್ದು 1910ರ ಆಗಸ್ಟ್ 30ರಂದು, ಮಿಸೌರಿ ರಾಜ್ಯದ ಹ್ಯಾನಿಬಲ್ ಎಂಬ ಊರಿನಲ್ಲಿ. ಮಿಸಿಸಿಪಿ ನದಿಯ ದಂಡೆಯ ಈ ಊರು ಸಾಹಿತಿ ಮಾರ್ಕ್ ಟ್ವೈನ್ ಬಾಲ್ಯ ಕಳೆದ ಊರು ಎಂದು ಪ್ರಸಿದ್ಧ. ಹುಡುಗನಿಗೆ ಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮತ್ತೆ ಮದುವೆಯಾದರು. ಮನೆಯಲ್ಲಿ ಶಿಸ್ತು ಬಹಳ, ಹುಡುಗನಿಗೆ ಅದು ಹಿಡಿಸಲಿಲ್ಲ. ಎಂಟನೆಯ ತರಗತಿಯ ನಂತರ ಓದು ನಿಂತಿತು. ಹದಿನಾಲ್ಕರ ಸುಮಾರಿಗೆ ಮನೆ ಬಿಟ್ಟು ಓಡಿದ. ಊರೂರು ಅಲೆದ. ಅಂಗಡಿಯಲ್ಲಿ ಬಟ್ಟೆ ಕದ್ದು ಸಿಕ್ಕಿಬಿದ್ದು ಬಾಲಾಪರಾಧಿಗಳ ಸುಧಾರಣಾ ಶಾಲೆ ಸೇರಿದ. ಹೊರಗೆ ಬಂದ ಮೇಲೆ ಪಾದರಕ್ಷೆ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ. ಹದಿನೆಂಟು ತುಂಬುವಷ್ಟರಲ್ಲಿ ಮತ್ತೆ ಕಳ್ಳತನದ ಆರೋಪ, ಹತ್ತು ವರ್ಷದ ಶಿಕ್ಷೆ.

ಮೂರು ವರ್ಷಗಳ ನಂತರ, 1932ರಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಓದಿದವರಿಗೇ ಕೆಲಸವಿರಲಿಲ್ಲ. ಜೈಲಿನಿಂದ ಬಂದವನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಮುಂದಿನ ವರ್ಷಗಳಲ್ಲಿ ಆತ ಮತ್ತೆ ಮೂರು ಸಲ ಸೆರೆಮನೆ ಕಂಡ. ಒಮ್ಮೆ ಸರ್ಕಾರಿ ಸಾಮಾನು ಕದ್ದದ್ದಕ್ಕೆ, ಉಳಿದಂತೆ ಬೇರೆ ಕಳ್ಳತನಗಳಿಗೆ. ನಡುವೆ ಜೈಲಿನಿಂದ ತಪ್ಪಿಸಿಕೊಂಡದ್ದೂ ಉಂಟು. ಹೊರಗಿದ್ದಾಗ ಸಿಕ್ಕ ಕೆಲಸ ಮಾಡಿದ. ದೋಣಿಯಲ್ಲಿ ಕೂಲಿ, ಮದ್ಯದಂಗಡಿಯಲ್ಲಿ ಚಾಕರಿ, ವಿದ್ಯುತ್ ರಿಪೇರಿ, ಜೊತೆಗೆ ಜೂಜು. 1955ರಲ್ಲಿ ನಾಲ್ಕನೆಯ ಸಲ ಮದುವೆಯಾದ, ಮಕ್ಕಳಾದವು. ಆ ಸುಮಾರಿಗೆ ಕ್ಷಯರೋಗ ಬಂದು ಬಹಳ ಕಾಲ ಹಾಸಿಗೆ ಹಿಡಿದ. ಸಂಸಾರ ಬಡತನದಲ್ಲೇ ನಡೆಯಿತು.

ಇದನ್ನೆಲ್ಲ ಮುಚ್ಚಿಡದೆ ಹೇಳಲು ಕಾರಣವಿದೆ. ಗಿಡಿಯನ್‌ನನ್ನು ಒಳ್ಳೆಯವನನ್ನಾಗಿ ಮಾಡಿ ಹೇಳಿದರೆ ಕಥೆಯ ಸತ್ವವೇ ಹೋಗುತ್ತದೆ. ಹಕ್ಕು ಎಂಬುದು ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ.

1961ರ ಹೊತ್ತಿಗೆ ಆತ ಫ್ಲಾರಿಡಾ ರಾಜ್ಯದ ಪನಾಮ ಸಿಟಿಯಲ್ಲಿದ್ದ. ವಯಸ್ಸು ಐವತ್ತು. ಆ ವರ್ಷ ಜೂನ್ 3ರ ನಸುಕಿನಲ್ಲಿ ಊರಿನ ಒಂದು ಪೂಲ್ ರೂಮಿಗೆ, ಅಂದರೆ ಬಿಲಿಯರ್ಡ್ಸ್‌ನಂಥ ಆಟವಾಡುವ ಜಾಗಕ್ಕೆ, ಯಾರೋ ನುಗ್ಗಿದರು. ಯಂತ್ರಗಳಲ್ಲಿದ್ದ ಒಂದಿಷ್ಟು ಚಿಲ್ಲರೆ, ಕೆಲವು ಬಾಟಲಿ ಪಾನೀಯ ಹೋಗಿದ್ದವು. ಬೆಳಗಿನ ಜಾವ ಗಿಡಿಯನ್‌ನನ್ನು ಅಲ್ಲಿ ಕಂಡೆ ಎಂದು ಒಬ್ಬ ಯುವಕ ಪೊಲೀಸರಿಗೆ ಹೇಳಿದ. ಗಿಡಿಯನ್ ಬಂಧನವಾಯಿತು. ಕದ್ದ ಸೊತ್ತು ಅಲ್ಪವಾದರೂ ಕಳ್ಳತನದ ಉದ್ದೇಶದಿಂದ ಕಟ್ಟಡಕ್ಕೆ ನುಗ್ಗುವುದು ಅಲ್ಲಿ ದೊಡ್ಡ ಅಪರಾಧ. ಐದು ವರ್ಷದವರೆಗೆ ಜೈಲು.

ಆಗಸ್ಟ್ 4ರಂದು ವಿಚಾರಣೆ. ತನ್ನಲ್ಲಿ ಹಣವಿಲ್ಲ, ವಕೀಲರನ್ನು ನೇಮಿಸಿಕೊಡಿ ಎಂದು ಗಿಡಿಯನ್ ನ್ಯಾಯಾಧೀಶರನ್ನು ಕೇಳಿದ. ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಮಾತ್ರ ಸರ್ಕಾರಿ ಖರ್ಚಿನ ವಕೀಲರನ್ನು ಕೊಡಲು ಫ್ಲಾರಿಡಾ ಕಾನೂನಿನಲ್ಲಿ ಅವಕಾಶ ಎಂದು ನ್ಯಾಯಾಧೀಶರು ವಿಷಾದದಿಂದಲೇ ನಿರಾಕರಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. 1942ರಲ್ಲಿ ಬೆಟ್ಸ್ ಎಂಬವನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಹ, ವಿಶೇಷ ಕಾರಣವಿಲ್ಲದಿದ್ದರೆ ರಾಜ್ಯದ ನ್ಯಾಯಾಲಯಗಳು ಬಡ ಆರೋಪಿಗೆ ವಕೀಲರನ್ನು ಕೊಡಲೇಬೇಕಿಲ್ಲ ಎಂದು ತೀರ್ಪು ಕೊಟ್ಟಿತ್ತು.

ಹೀಗೆ ಗಿಡಿಯನ್ ತನ್ನ ಕೇಸನ್ನು ತಾನೇ ನಡೆಸಿದ. ಜ್ಯೂರಿಯವರ ಮುಂದೆ ತನ್ನ ಮಾತು ಹೇಳಿದ. ಸಾಕ್ಷಿಗಳನ್ನು ಪಾಟೀಸವಾಲು ಮಾಡಿದ, ತನ್ನ ಕಡೆಯ ಸಾಕ್ಷಿಗಳನ್ನೂ ಕರೆಸಿದ. ಓದು ಬರಹ ಅಷ್ಟಕ್ಕಷ್ಟೇ ಇದ್ದ ಮನುಷ್ಯನಿಗೆ ಎಷ್ಟು ಸಾಧ್ಯವೋ ಅಷ್ಟು ಮಾಡಿದ. ಜ್ಯೂರಿ ತಪ್ಪಿತಸ್ಥನೆಂದಿತು. ಮೂರು ವಾರಗಳ ನಂತರ ಆತನ ಹಿಂದಿನ ದಾಖಲೆಯನ್ನು ನೋಡಿ ನ್ಯಾಯಾಧೀಶರು ಗರಿಷ್ಠ ಶಿಕ್ಷೆಯನ್ನೇ ವಿಧಿಸಿದರು, ಐದು ವರ್ಷ. ಹಳೆಯ ತಪ್ಪುಗಳಿಗೆ ಶಿಕ್ಷೆ ಅನುಭವಿಸಿ ಮುಗಿಸಿದ್ದರೂ ಆ ಪಟ್ಟಿ ಆತನ ಬೆನ್ನು ಬಿಡಲಿಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಜೈಲಿನಲ್ಲಿ ಗಿಡಿಯನ್ ಸುಮ್ಮನೆ ಕೂರಲಿಲ್ಲ. ಅಲ್ಲಿನ ಗ್ರಂಥಾಲಯದ ಕಾನೂನು ಪುಸ್ತಕಗಳನ್ನು ಓದಿದ. ಮೊದಲು ಫ್ಲಾರಿಡಾದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ, ಅದು ವಜಾ ಆಯಿತು. ಆಮೇಲೆ ಜೈಲಿನವರು ಕೊಡುವ ಗೆರೆ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ, ಅಚ್ಚಿನಂಥ ಬಿಡಿ ಅಕ್ಷರಗಳಲ್ಲಿ, ದೇಶದ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಕಾಗುಣಿತದ ತಪ್ಪುಗಳಿದ್ದವು, ವಾಕ್ಯಗಳು ತೊಡರಿಕೊಂಡಿದ್ದವು. ವಿಷಯ ಮಾತ್ರ ಸ್ಪಷ್ಟವಾಗಿತ್ತು. ತಾನು ಬಡವ, ವಕೀಲರನ್ನು ಕೇಳಿದೆ, ಕೊಡಲಿಲ್ಲ, ಆದ್ದರಿಂದ ವಿಚಾರಣೆ ನ್ಯಾಯವಾಗಿ ನಡೆದಿಲ್ಲ. 1962ರ ಜನವರಿಯಲ್ಲಿ ಅರ್ಜಿ ವಾಷಿಂಗ್ಟನ್ ತಲುಪಿತು. ಬಡ ಕೈದಿಗಳ ಅರ್ಜಿಗಳನ್ನು ಶುಲ್ಕವಿಲ್ಲದೆ ಸ್ವೀಕರಿಸುವ ನಿಯಮ ಅಲ್ಲಿದೆ. ಅಂಥವು ಪ್ರತಿವರ್ಷ ರಾಶಿ ರಾಶಿ ಬರುತ್ತವೆ, ಬಹುಪಾಲು ತಿರಸ್ಕೃತವಾಗುತ್ತವೆ. ಹಳೆಯ ತೀರ್ಪನ್ನು ಮರುಪರಿಶೀಲಿಸುವ ಯೋಚನೆ ನ್ಯಾಯಮೂರ್ತಿಗಳಿಗೂ ಇದ್ದಿರಬೇಕು, ಗಿಡಿಯನ್‌ನ ಅರ್ಜಿಯನ್ನು ಜೂನ್ ತಿಂಗಳಿನಲ್ಲಿ ವಿಚಾರಣೆಗೆ ಅಂಗೀಕರಿಸಿದರು.

ಕೆಳಗಿನ ಕೋರ್ಟಿನಲ್ಲಿ ಒಬ್ಬ ವಕೀಲನೂ ಸಿಗದವನಿಗೆ ಸುಪ್ರೀಂ ಕೋರ್ಟ್ ದೇಶದ ಹೆಸರಾಂತ ವಕೀಲರೊಬ್ಬರನ್ನೇ ನೇಮಿಸಿತು. ಅವರು ಏಬ್ ಫೋರ್ಟಾಸ್. ಮುಂದೆ 1965ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಅವರು ಶುಲ್ಕವಿಲ್ಲದೆ ಕೇಸು ನಡೆಸಿದರು. ನಿನ್ನ ಬದುಕಿನ ವಿವರ ಬರೆದು ಕಳಿಸು ಎಂದು ಅವರು ಕೇಳಿದ್ದಕ್ಕೆ ಗಿಡಿಯನ್ 22 ಪುಟಗಳ ಪತ್ರ ಬರೆದ. ತನ್ನ ತಪ್ಪುಗಳನ್ನು ಅದರಲ್ಲಿ ಮರೆಮಾಚಲಿಲ್ಲ. ಆತನ ಜೀವನದ ಬಗ್ಗೆ ನಮಗೆ ತಿಳಿದಿರುವ ಹೆಚ್ಚಿನ ಸಂಗತಿ ಆ ಪತ್ರದಿಂದಲೇ ಬಂದದ್ದು.

1963ರ ಜನವರಿ 15ರಂದು ವಾದ ನಡೆಯಿತು. ಕ್ಲಾರೆನ್ಸ್ ಡ್ಯಾರೋ ಎಂಬ ಮಹಾನ್ ಕ್ರಿಮಿನಲ್ ವಕೀಲರೇ ಒಮ್ಮೆ ಆರೋಪಿಯಾದಾಗ ತಮಗೊಬ್ಬ ವಕೀಲ ಬೇಕೆಂದು ಹುಡುಕಿದರು, ಹಾಗಿರುವಾಗ ಏನೂ ತಿಳಿಯದ ಬಡವ ತನ್ನನ್ನು ತಾನು ಹೇಗೆ ರಕ್ಷಿಸಿಕೊಂಡಾನು ಎಂಬುದು ಫೋರ್ಟಾಸ್ ಅವರ ವಾದದ ತಿರುಳು. ವಿಶೇಷವೆಂದರೆ 22 ರಾಜ್ಯಗಳು ಗಿಡಿಯನ್ ಪರವಾಗಿ ನ್ಯಾಯಾಲಯಕ್ಕೆ ಅಭಿಪ್ರಾಯ ಸಲ್ಲಿಸಿದವು. ಫ್ಲಾರಿಡಾದ ಜೊತೆ ನಿಂತದ್ದು ಎರಡು ರಾಜ್ಯಗಳು ಮಾತ್ರ.

ಮಾರ್ಚ್ 18ರಂದು ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳೂ ಗಿಡಿಯನ್ ಪರ. ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. 1942ರ ಬೆಟ್ಸ್ ಪ್ರಕರಣದಲ್ಲಿ ಭಿನ್ನಮತ ಬರೆದಿದ್ದವರೂ ಇವರೇ. 21 ವರ್ಷ ಕಾದು ತಮ್ಮ ಅಲ್ಪಮತವನ್ನು ದೇಶದ ಕಾನೂನಾಗಿ ಬರೆಯುವ ಭಾಗ್ಯ ಅವರದಾಯಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕು, ವಕೀಲರು ಕೋರ್ಟಿನಲ್ಲಿ ಐಷಾರಾಮವಲ್ಲ, ಅಗತ್ಯ ಎಂಬುದು ತೀರ್ಪಿನ ಸಾರ.

ಗಿಡಿಯನ್ ಕೂಡಲೇ ಬಿಡುಗಡೆಯಾಗಲಿಲ್ಲ. ಮರುವಿಚಾರಣೆಗೆ ಆದೇಶವಾಗಿತ್ತು. ಅದೇ ಊರು, ಅದೇ ನ್ಯಾಯಾಧೀಶರು, ಅದೇ ಆರೋಪ. ಬದಲಾದದ್ದು ಒಂದೇ, ಈ ಸಲ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರಿದ್ದರು. ಅವರು ಮೊದಲೇ ಘಟನೆಯ ಜಾಗಕ್ಕೆ ಹೋಗಿ ಓಡಾಡಿದ್ದರು, ಜನರನ್ನು ಮಾತಾಡಿಸಿದ್ದರು. ಗಿಡಿಯನ್‌ನನ್ನು ಕಂಡೆನೆಂದ ಯುವಕನನ್ನು ಪಾಟೀಸವಾಲು ಮಾಡಿ, ಕಳ್ಳತನ ಮಾಡಿದವರ ಜೊತೆ ಇವನೇ ಕಾವಲಿಗಿದ್ದಿರಬಹುದೆಂಬ ಸಂದೇಹ ಮೂಡಿಸಿದರು. ತನ್ನನ್ನು ಕರೆದೊಯ್ದ ವಿಷಯ ಯಾರಿಗೂ ಹೇಳಬೇಡ ಎಂದು ಗಿಡಿಯನ್ ಹೇಳಿದ್ದನೆಂದು ಟ್ಯಾಕ್ಸಿ ಚಾಲಕ ನುಡಿದ. ಕೇಳಿದವರಿಗೆ ಕಳ್ಳನ ಮಾತಿನಂತೆಯೇ ಕಾಣುತ್ತದೆ. ಹಿಂದೆಯೂ ಹೀಗೆ ಹೇಳಿದ್ದನೇ, ಏಕೆ ಎಂದು ಟರ್ನರ್ ಕೇಳಿದರು. ಹೌದು, ಹೆಂಡತಿಯೊಂದಿಗಿನ ಜಗಳದ ಕಾರಣ ಎಂದು ಚಾಲಕನೇ ಹೇಳಿದ. ಒಂದೇ ಪ್ರಶ್ನೆಯಿಂದ ಸಾಕ್ಷ್ಯದ ಅರ್ಥ ತಿರುಗಿತು. ಆ ಪ್ರಶ್ನೆ ಕೇಳಲು ತಿಳಿದವರು ಬೇಕು. ವಕೀಲರು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಉದಾಹರಣೆ ಕೊಡುತ್ತೇನೆ. 1963ರ ಆಗಸ್ಟ್ 5ರಂದು ಜ್ಯೂರಿ ಸುಮಾರು ಒಂದು ಗಂಟೆ ಚರ್ಚಿಸಿ ಗಿಡಿಯನ್ ನಿರ್ದೋಷಿ ಎಂದಿತು. ಆ ಹೊತ್ತಿಗೆ ಆತ ಎರಡು ವರ್ಷ ಜೈಲು ಅನುಭವಿಸಿಯಾಗಿತ್ತು.

ಆ ತೀರ್ಪಿನ ಫಲವಾಗಿ, ವಕೀಲರಿಲ್ಲದೆ ಶಿಕ್ಷೆಗೊಳಗಾಗಿದ್ದ ನೂರಾರು ಕೈದಿಗಳು ಫ್ಲಾರಿಡಾ ಒಂದರಲ್ಲೇ ಹೊರಬಂದರು. ಆ ರಾಜ್ಯ 1963ರಲ್ಲೇ ಸರ್ಕಾರಿ ಸಂಬಳದ ರಕ್ಷಣಾ ವಕೀಲರ ವ್ಯವಸ್ಥೆ ಮಾಡಿತು. 1967ರಲ್ಲಿ ಬಾಲಾಪರಾಧಿಗಳಿಗೂ ಈ ಹಕ್ಕು ವಿಸ್ತರಿಸಿತು.

ಗಿಡಿಯನ್ ಮಾತ್ರ ಬಡವನಾಗಿಯೇ ಉಳಿದ. ಹೆಸರು ಬಂತು, ಹಣ ಬರಲಿಲ್ಲ. 1972ರ ಜನವರಿ 18ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 61. ಅದೇ ವರ್ಷ ಜೂನ್‌ನಲ್ಲಿ, ಜೈಲಿಗೆ ಕಳಿಸುವುದಾದರೆ ಸಣ್ಣ ಅಪರಾಧವಾದರೂ ವಕೀಲರ ನೆರವು ಇರಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಕೇಳಲು ಆತ ಇರಲಿಲ್ಲ. ಹುಟ್ಟೂರು ಹ್ಯಾನಿಬಲ್‌ನಲ್ಲಿ ಹೆಸರಿಲ್ಲದ ಗೋರಿಯಲ್ಲಿ ಆತನನ್ನು ಮಣ್ಣು ಮಾಡಿದರು. ಎಷ್ಟೋ ವರ್ಷದ ಮೇಲೆ ನಾಗರಿಕ ಹಕ್ಕುಗಳ ಸಂಘಟನೆಯೊಂದು ಕಲ್ಲು ನಿಲ್ಲಿಸಿತು. ಅದರ ಮೇಲೆ ಕೆತ್ತಿರುವುದು ಫೋರ್ಟಾಸ್ ಅವರಿಗೆ ಆತ ಬರೆದ ಪತ್ರದ ಒಂದು ಸಾಲು.

ನಮ್ಮ ದೇಶದಲ್ಲಿ ಇದೇ ಹಕ್ಕು ಬೇರೆ ಹಾದಿಯಲ್ಲಿ ಬಂತು. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿ, ಉಚಿತ ಕಾನೂನು ನೆರವು ಸರ್ಕಾರದ ಹೊಣೆಯಾಯಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಜೀವಿಸುವ ಹಕ್ಕಿನೊಳಗೆ ಸೇರಿಸಿತು. 1986ರ ಸುಕ್ ದಾಸ್ ಪ್ರಕರಣದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಆರೋಪಿ ಬಾಯಿಬಿಟ್ಟು ಕೇಳದಿದ್ದರೂ ನೆರವು ಕೊಡಬೇಕೆಂದಿತು. ಗಿಡಿಯನ್‌ಗೆ ಕೇಳಲು ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಕೇಳಬಹುದೆಂಬುದೇ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಅಲ್ಲಿಯವರು ಬರೆದುಕೊಳ್ಳುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನು ಹಳೆಯ ದಾಖಲೆಯ ಮಾತು. ಒಮ್ಮೆ ಜಾತ್ರೆಯ ಗಲಾಟೆಯಲ್ಲಿ ಸಿಕ್ಕಿಕೊಂಡ ಹುಡುಗನೊಬ್ಬ ನನ್ನ ಬಳಿಗೆ ಬಂದ. ಸಣ್ಣ ಹೊಡೆದಾಟದ ಕೇಸು. ತಪ್ಪೊಪ್ಪಿಕೋ, ದಂಡ ಕಟ್ಟು, ಅಲೆದಾಟ ತಪ್ಪುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ವಕೀಲರಿಲ್ಲದೆ ಒಪ್ಪಿಕೊಂಡು ಬಂದಿದ್ದ. ಅದು ಶಿಕ್ಷೆ ಎಂದೇ ದಾಖಲಾಗುತ್ತದೆಂದು ಅವನಿಗೆ ತಿಳಿದದ್ದು ಕೆಲಸಕ್ಕೆ ಆಯ್ಕೆಯಾಗಿ ಪೊಲೀಸ್ ಪರಿಶೀಲನೆ ಬಂದಾಗ. ಮೊದಲ ದಿನವೇ ವಕೀಲರಿದ್ದಿದ್ದರೆ ಎದುರಿನವರೊಂದಿಗೆ ರಾಜಿ ಮಾಡಿಸಬಹುದಿತ್ತು. ಕಾನೂನಿನಲ್ಲಿ ರಾಜಿಗೆ ಬಿಡುಗಡೆಯ ಫಲವೇ ಇದೆ. ಇಲ್ಲವೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಬುದ್ಧಿಮಾತು ಹೇಳಿ, ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಿರೆಂದು ಕೇಳಬಹುದಿತ್ತು. ಹಾಗೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲವೆಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಪುಣ್ಯಕ್ಕೆ ಹುಡುಗ ಅರ್ಜಿ ನಮೂನೆಯಲ್ಲಿ ಕೇಸಿನ ವಿಷಯ ಮುಚ್ಚಿಟ್ಟಿರಲಿಲ್ಲ. ಎಲ್ಲ ವಿವರ ಬರೆದು ಮನವಿ ಕೊಟ್ಟೆವು, ಮೇಲಧಿಕಾರಿಗಳು ಒಪ್ಪಿದರು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಮುಚ್ಚಿಟ್ಟರೆ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಹದಿನೆಂಟರೊಳಗಿನ ಮಕ್ಕಳಿಗೆ ನಮ್ಮ ಕಾನೂನು ಉದಾರವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ, ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದ ಕೆಲವರನ್ನು ಬಿಟ್ಟರೆ, ಮಕ್ಕಳ ಮೇಲಿನ ಪ್ರಕರಣದ ದಾಖಲೆಯನ್ನು ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಬಟ್ಟೆ ಕದ್ದ ಬಾಲಕ ಗಿಡಿಯನ್‌ನಂಥವರಿಗೆಂದೇ ಬರೆದಂತಿದೆ. ವಯಸ್ಕರ ಸಣ್ಣಪುಟ್ಟ ಶಿಕ್ಷೆಗಳನ್ನು ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ. ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ, ನಿಗದಿತ ಅವಧಿ ತಪ್ಪಿಲ್ಲದೆ ಕಳೆದವರ ಕೆಲವು ಸಣ್ಣ ದಾಖಲೆಗಳು ತಾವಾಗಿಯೇ ಮುಚ್ಚುವಂತೆ ಕಾನೂನು ಮಾಡಿತು. ಇನ್ನೂ ಹಲವೆಡೆ ಅರ್ಜಿ ಹಾಕಬೇಕು. ಅದಕ್ಕೆ ಮಾತ್ರ ಗಿಡಿಯನ್ ತೀರ್ಪಿನ ವಕೀಲರು ಸಿಗುವುದಿಲ್ಲ, ಏಕೆಂದರೆ ಆ ಹಕ್ಕು ಆರೋಪ ಎದುರಿಸುವಾಗಿನದು. ಉಚಿತ ನೆರವಿನ ಸಂಸ್ಥೆಗಳೂ ಕಾನೂನು ಕಾಲೇಜುಗಳೂ ಶಿಬಿರ ನಡೆಸಿ ಬಡವರಿಗೆ ಆ ಅರ್ಜಿ ಬರೆದುಕೊಡುತ್ತವೆ. ಶಿಕ್ಷೆ ಮುಗಿದವನಿಗೆ ಕೆಲಸ, ಬಾಡಿಗೆ ಮನೆ ಸಿಗಲಿ ಎಂಬುದು ಇದರ ಉದ್ದೇಶ. ಗಿಡಿಯನ್ ಪಡೆದದ್ದು ಮೊದಲ ಅರ್ಧ. ಈ ಉಳಿದರ್ಧವನ್ನು ಪಡೆಯುವ ಕೆಲಸ ಅಲ್ಲಿಯೂ ಇಲ್ಲಿಯೂ ಬಾಕಿಯಿದೆ.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರ ಮೇಲಾದರೂ ಕೇಸಾದರೆ ದಂಡ ಕಟ್ಟಿ ಮುಗಿಸಿ ಎನ್ನುವವರ ಮಾತು ಕೇಳುವ ಮೊದಲು ತಾಲ್ಲೂಕು ಸಮಿತಿಗೆ ಒಂದು ಅರ್ಜಿ ಬರೆದುಕೊಡಿ. ಹೇಗೆ ಬರೆಯಬೇಕೆಂದು ಕನ್ನಡ ಮೇಷ್ಟ್ರು ಕಲಿಸಿಯೇ ಇದ್ದಾರೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ಕಾಗುಣಿತ ಒಂದೆರಡು ಕಡೆ ತಪ್ಪಿದರೂ ಪರವಾಗಿಲ್ಲ. ಗಿಡಿಯನ್‌ನದೂ ತಪ್ಪಿತ್ತು.